ಮೊದಲ ಏರ್ ರೈಫಲ್: ವೇಗ ಬಿಡಿ, ಟ್ರಿಗರ್ ನೋಡಿ

ಏರ್ ರೈಫಲ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿರುವ ವೇಗದ ಅಂಕಿಯನ್ನು ಮೊದಲು ಪಕ್ಕಕ್ಕಿಡಿ. ಸೆಕೆಂಡಿಗೆ 1200 ಅಡಿ, 1400 ಅಡಿ ಅಂತೆಲ್ಲ ಬರೆದಿರುತ್ತಾರೆ. ಸಾಮಾನ್ಯವಾಗಿ ಅದು ಸೀಸವಿಲ್ಲದ, ತೀರಾ ಹಗುರವಾದ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಹಾಕಿ ಅಳೆದ ಅಂಕಿ. ನೀವು ದಿನಾ ಹೊಡೆಯುವ ಸೀಸದ ಪೆಲೆಟ್‌ಗೆ ಅಷ್ಟು ಬರುವುದಿಲ್ಲ. ಬಂದರೂ ಉಪಯೋಗವಿಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಡಿ ಲೆಕ್ಕದಲ್ಲಿ 1100 ಚಿಲ್ಲರೆ. ಅದರ ಹತ್ತಿರ ಹೋದ ಪೆಲೆಟ್ ಗಾಳಿಯಲ್ಲಿ ಓಲಾಡಲು ಶುರು ಮಾಡುತ್ತದೆ, ಹೊಡೆತಗಳು ಚದುರುತ್ತವೆ. ಕಾಗದಕ್ಕೆ ತೂತು ಮಾಡಲು ಸೆಕೆಂಡಿಗೆ 175 ಮೀಟರ್ ಧಾರಾಳ ಸಾಕು. ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಹೊಡೆಯುವವರ ರೈಫಲ್‌ಗಳೂ ಹೆಚ್ಚುಕಮ್ಮಿ ಅಷ್ಟೇ ವೇಗದವು.

ಮೊದಲ ಸಲ ದುಡ್ಡು ಹಾಕುವಾಗ ನೀವು ನಿಜವಾಗಿ ಕೊಳ್ಳುತ್ತಿರುವುದು ಎರಡು ವಸ್ತು. ಒಂದು ಒಳ್ಳೆಯ ಟ್ರಿಗರ್, ಇನ್ನೊಂದು ಒಳ್ಳೆಯ ಬ್ಯಾರಲ್, ಅಂದರೆ ನಳಿಕೆ. ಮಿಕ್ಕಿದ್ದೆಲ್ಲ ಆಮೇಲೆ.

ನಾನು ವೃತ್ತಿಯಲ್ಲಿ ದರ್ಜಿ. ಎಡಚಿ. ಐವತ್ತು ದಾಟಿದ ಕಣ್ಣು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ರೇಂಜಿಗೆ ಹೊಸದಾಗಿ ಬರುವವರ ಪಕ್ಕ ನಿಂತು ಹೇಳಿಕೊಡುವುದು ನನ್ನ ರಜೆಯ ದಿನದ ಕೆಲಸ. ಹಾಗಾಗಿ ಇಲ್ಲಿ ಸ್ವಲ್ಪ ಹಟವೂ ಇದೆ, ಸ್ವಲ್ಪ ಪಕ್ಷಪಾತವೂ ಇದೆ. ಪ್ರಾಣಿ ಪಕ್ಷಿಗೆ ಹೊಡೆಯುವ ವಿಷಯ ನಾನು ಎತ್ತುವುದಿಲ್ಲ. ಕಾಗದದ ಗುರಿ ಅಷ್ಟೇ.

ಮೊದಲು ಕಾನೂನು

ಕೊಳ್ಳುವ ಮುಂಚೆ ನಿಮ್ಮಲ್ಲಿನ ಕಾನೂನನ್ನು ನೀವೇ ಓದಿ. ಮಾರುವವರ ಬಾಯಿಮಾತು ಸಾಲದು. ದೇಶದಿಂದ ದೇಶಕ್ಕೆ ಇದು ಪೂರ್ತಿ ಬೇರೆ. ಜರ್ಮನಿಯಲ್ಲಿ 7.5 ಜೂಲ್ ಮೀರದ, ಎಫ್ ಗುರುತು ಇರುವ ಏರ್ ರೈಫಲ್ ಅನ್ನು 18 ತುಂಬಿದವರು ಪರವಾನಗಿ ಇಲ್ಲದೆ ಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಆ ಗೆರೆ 12 ಅಡಿ-ಪೌಂಡ್, ಅಂದರೆ ಸುಮಾರು 16.3 ಜೂಲ್. ಒಂದೇ ಹೆಸರಿನ ರೈಫಲ್ ಎರಡು ಮೂರು ಶಕ್ತಿಯಲ್ಲಿ ಮಾರಾಟವಾಗುವುದು ಇದೇ ಕಾರಣಕ್ಕೆ. ಹೆಸರು ನೋಡಿ ತರಿಸಿದರೆ ಸಾಲದು, ಯಾವ ಶಕ್ತಿಯದು ಅಂತ ಕೇಳಿ.

ಲೆಕ್ಕ ನೀವೇ ಹಾಕಬಹುದು. ಪೆಲೆಟ್‌ನ ತೂಕವನ್ನು ಕಿಲೋಗ್ರಾಂನಲ್ಲಿ ಬರೆದುಕೊಳ್ಳಿ, ಸೆಕೆಂಡಿಗೆ ಮೀಟರ್ ಲೆಕ್ಕದ ವೇಗವನ್ನು ಅದೇ ವೇಗದಿಂದ ಗುಣಿಸಿ, ಬಂದದ್ದನ್ನು ತೂಕದಿಂದ ಗುಣಿಸಿ, ಅರ್ಧ ಮಾಡಿ. 8.44 ಗ್ರೇನ್ ಪೆಲೆಟ್ ತುಂಬಾ ಜನ ಬಳಸುವ ತೂಕ, ಅದು 0.547 ಗ್ರಾಂ. ಸೆಕೆಂಡಿಗೆ 175 ಮೀಟರ್ ಹೋದರೆ ಸುಮಾರು 8.4 ಜೂಲ್. 243 ಮೀಟರ್ ಹೋದರೆ 16 ಜೂಲ್ ದಾಟುತ್ತದೆ. 10 ಮೀಟರ್ ಕಾಗದಕ್ಕೆ ಮೊದಲನೆಯದೇ ಬೇಕಾದಷ್ಟಾಯಿತು.

ಸ್ಪ್ರಿಂಗೋ, ತುಂಬಿಟ್ಟ ಗಾಳಿಯೋ

ಹೊಸಬರ ಮುಂದೆ ಮುಖ್ಯವಾಗಿ ಇರುವುದು ಎರಡು ದಾರಿ. ಸ್ಪ್ರಿಂಗ್ ರೈಫಲ್‌ನಲ್ಲಿ ಬ್ಯಾರಲ್ ಮುರಿದೋ (ಅಂದರೆ ಕೀಲಿನಲ್ಲಿ ಕೆಳಗೆ ಮಡಚಿಯೋ) ಸನ್ನೆಗೋಲು ಎಳೆದೋ ಕಾಕ್ ಮಾಡುತ್ತೀರಿ. ಒಳಗಿನ ಪಿಸ್ಟನ್ ಹಿಂದೆ ಹೋಗಿ ಸ್ಪ್ರಿಂಗ್ ಒತ್ತಿ ಕೂರುತ್ತದೆ. ಟ್ರಿಗರ್ ಬಿಟ್ಟಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ, ಆ ಗಾಳಿ ಪೆಲೆಟ್ ತಳ್ಳುತ್ತದೆ. ಬೇರೆ ಏನೂ ಬೇಡ. ರೈಫಲ್ ಮತ್ತು ಒಂದು ಡಬ್ಬ ಪೆಲೆಟ್ ಇದ್ದರೆ ಆಯಿತು.

ಇನ್ನೊಂದು ಪಿಸಿಪಿ. ಇದರಲ್ಲಿ ಸಿಲಿಂಡರಿಗೆ ಮೊದಲೇ ಗಾಳಿ ತುಂಬಿರುತ್ತಾರೆ, ಸಾಮಾನ್ಯವಾಗಿ 200 ಬಾರ್ ಒತ್ತಡ ಅಥವಾ ಅದಕ್ಕೂ ಮೇಲೆ. ಒದೆತ ಇಲ್ಲವೆಂದೇ ಹೇಳಬಹುದು. ಚೀಲದ ಮೇಲೆ ಇಟ್ಟು ಹೊಡೆದರೆ ಮೊದಲ ದಿನವೇ ತೂತುಗಳು ಒಂದರ ಮೇಲೊಂದು ಬೀಳುತ್ತವೆ. ಆದರೆ ರೈಫಲ್ ಕೊಂಡರೆ ಅರ್ಧ ಮಾತ್ರ ಕೊಂಡಂತೆ. ಕೈಪಂಪು, ಡೈವಿಂಗ್ ಸಿಲಿಂಡರ್ ಅಥವಾ ಕಂಪ್ರೆಸರ್, ಮೂರರಲ್ಲಿ ಒಂದು ಬೇಕೇ ಬೇಕು. ಕೈಪಂಪಿನಲ್ಲಿ 150ರಿಂದ 200 ಬಾರ್‌ಗೆ ಏರಿಸಿ ನೋಡಿ, ಬೆವರು ಇಳಿಯುತ್ತದೆ. ಬೆವರಿದ ತೋಳಿನಲ್ಲಿ ತಕ್ಷಣ ಗುರಿ ಹಿಡಿಯಲು ಆಗುತ್ತದಾ? ಸೀಲ್‌ಗಳು, ಗೇಜು, ಸಿಲಿಂಡರಿನ ತಪಾಸಣೆ, ಇವೆಲ್ಲ ಬೇರೆ.

ನನ್ನ ಸಲಹೆ: ಮೊದಲನೆಯದು ಸ್ಪ್ರಿಂಗೇ ಇರಲಿ, ಅದೂ ಮೆತ್ತನೆಯ ಸ್ಪ್ರಿಂಗ್. ಕಾರಣ ಸುಲಭ ಅಂತಲ್ಲ. ಹೊಡೆಯುವುದು ಪಿಸಿಪಿಗಿಂತ ಕಷ್ಟವೇ. ಕೈ ಬಿಗಿಯಾದರೆ, ಭುಜ ಸರಿದರೆ, ಟ್ರಿಗರ್ ಎಳೆದಾಡಿದರೆ ಕಾಗದ ಕೂಡಲೇ ಹೇಳಿಬಿಡುತ್ತದೆ. ಸ್ಪ್ರಿಂಗ್‌ನಲ್ಲಿ ಚೆನ್ನಾಗಿ ಹೊಡೆಯುವವರ ಕೈಗೆ ಆಮೇಲೆ ಯಾವ ರೈಫಲ್ ಕೊಟ್ಟರೂ ಹೊಡೆಯುತ್ತಾರೆ. ಭುಜದ ಅಥವಾ ಬೆನ್ನಿನ ತೊಂದರೆ ಇದ್ದು ಕಾಕ್ ಮಾಡಲು ಆಗದವರು ಮಾತ್ರ ಸೀದಾ ಪಿಸಿಪಿಗೆ ಹೋಗಿ, ಬೇಜಾರೇನಿಲ್ಲ.

ಮೆತ್ತನೆಯದು ಅಂದೆನಲ್ಲ, ಅದು ಮುಖ್ಯ. ಭಾರಿ ಶಕ್ತಿಯ, ಮ್ಯಾಗ್ನಂ ಅನ್ನಿಸಿಕೊಳ್ಳುವ ಸ್ಪ್ರಿಂಗ್ ರೈಫಲ್ ಹೊಸಬರ ಕೈಗೆ ಅಲ್ಲ. ಕಾಕ್ ಮಾಡಲು ಮೈಭಾರ ಹಾಕಬೇಕು, ಅರ್ಧ ಗಂಟೆಯಲ್ಲಿ ತೋಳು ಬಿದ್ದುಹೋಗುತ್ತದೆ, ಒದೆತಕ್ಕೆ ಕಣ್ಣು ತಾನಾಗಿ ಮುಚ್ಚುತ್ತದೆ. ನಾನು ಎಲ್ಲರಿಗೂ ಮೊದಲು ಕೈಗೆ ಕೊಡುವುದು ವೈರಾಕ್ ಕಂಪನಿಯ ಎಚ್‌ಡಬ್ಲ್ಯೂ 30 ಎಸ್. ಸುಮಾರು ಎರಡೂವರೆ ಕಿಲೋ ತೂಕ. ಹದಿಹರೆಯದ ನನ್ನ ತಂಗಿ ಮಗಳೂ ಆರಾಮವಾಗಿ ಕಾಕ್ ಮಾಡುತ್ತಾಳೆ. ರೆಕಾರ್ಡ್ ಅನ್ನುವ ಹೆಸರಿನ ಟ್ರಿಗರ್ ಇದೆ, ಮುಂದಿನ ಸೈಟಿನಲ್ಲಿ (ಗುರಿ ಹಿಡಿಯಲು ಬ್ಯಾರಲ್ ಮೇಲಿರುವ ಮೊನೆ) ಬದಲಿಸಬಹುದಾದ ತುಂಡುಗಳಿವೆ. ಸ್ವಲ್ಪ ದೊಡ್ಡ ಮೈಯವರಿಗೆ ಅದೇ ಕಂಪನಿಯ ಎಚ್‌ಡಬ್ಲ್ಯೂ 50 ಎಸ್, ಅಥವಾ ಡಯಾನಾ 34. ಬ್ಯಾರಲ್ ಮುರಿಯದ, ಕೆಳಸನ್ನೆಯ ರೈಫಲ್ ಬೇಕೆಂದರೆ ಎಚ್‌ಡಬ್ಲ್ಯೂ 97 ಮತ್ತು ಏರ್ ಆರ್ಮ್ಸ್ ಟಿಎಕ್ಸ್ 200. ಎರಡೂ ತುಂಬಾ ಒಳ್ಳೆಯವು, ಆದರೆ ಸ್ಕೋಪ್ (ಮೇಲೆ ಕೂರಿಸುವ ದೂರದರ್ಶಕ) ಸೇರಿದರೆ 4 ಕಿಲೋ ದಾಟುತ್ತವೆ. ನಿಂತು ಹೊಡೆಯುವವರು ಒಮ್ಮೆ ಎತ್ತಿ ಹಿಡಿದು ನೋಡಿ ತೀರ್ಮಾನಿಸಿ.

ಕ್ಯಾಲಿಬರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಗದಕ್ಕೆ 4.5 ಮಿಲಿಮೀಟರ್, ಅಂದರೆ .177. ಪೆಲೆಟ್ ಅಗ್ಗ, ಆಯ್ಕೆ ಜಾಸ್ತಿ, ಹಾರುವ ದಾರಿ ಚಪ್ಪಟೆ. 10 ಮೀಟರ್ ಸ್ಪರ್ಧೆಗಳೆಲ್ಲ ಇದರಲ್ಲೇ. 

ಕೈಯಲ್ಲಿ ಹಿಡಿದಾಗ ನೋಡಬೇಕಾದದ್ದು

ಮೊದಲು ಅಳತೆ. ಬಟ್, ಅಂದರೆ ರೈಫಲ್‌ನ ಹಿಂತುದಿಯನ್ನು ಮೊಳಕೈ ಮಡಚಿದ ಜಾಗಕ್ಕೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಬೇಕು. ಬೆರಳು ಎಟುಕದೆ ಚಾಚಬೇಕಾದರೆ ಸ್ಟಾಕ್ (ರೈಫಲ್‌ನ ಮರದ ಮೈ) ಉದ್ದ. ಬೆರಳು ಮಡಚಿ ಕೂತರೆ ಗಿಡ್ಡ. ಬಟ್ಟೆ ಹೊಲಿಯುವವಳ ಕಣ್ಣಿಗೆ ಇದು ಮೊದಲು ಕಾಣುತ್ತದೆ. ರೈಫಲ್ ಕೊಳ್ಳುವವರು ಮಾತ್ರ ಕೊನೆಗೆ ನೋಡುತ್ತಾರೆ. ಗಿಡ್ಡವಾದರೆ ರಬ್ಬರ್ ಪ್ಯಾಡ್ ಹಾಕಿ ಉದ್ದ ಮಾಡಬಹುದು. ಉದ್ದದ್ದನ್ನು ಗಿಡ್ಡ ಮಾಡಲು ಮರ ಕೊಯ್ಯಬೇಕು.

ಆಮೇಲೆ ಕೆನ್ನೆ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ತನ್ನಿ, ಕೆನ್ನೆ ಆರಾಮವಾಗಿ ಸ್ಟಾಕ್ ಮೇಲೆ ಇಡಿ, ಕಣ್ಣು ತೆರೆಯಿರಿ. ಸೈಟ್ ನೇರ ಕಂಡರೆ ಆ ಸ್ಟಾಕ್ ನಿಮ್ಮದು. ಕತ್ತು ಉದ್ದ ಮಾಡಿ ಹುಡುಕಬೇಕಾದರೆ ಅಲ್ಲ. ಎಡಗೈಯವರು ಇನ್ನೊಂದು ನೋಡಿ: ಕೆನ್ನೆಯ ಉಬ್ಬು ಬರೀ ಒಂದು ಕಡೆ ಇದೆಯಾ, ಸೇಫ್ಟಿ ಗುಂಡಿ ನಿಮ್ಮ ಹೆಬ್ಬೆರಳಿಗೆ ಸಿಗುತ್ತದಾ. ಎರಡೂ ಕಡೆಗೆ ಆಗುವ ಸ್ಟಾಕ್ ಬೇಕಾದಷ್ಟಿವೆ, ಬಲಗೈಯವರ ರೈಫಲ್ ಹಿಡಿದು ಒದ್ದಾಡುವ ಅಗತ್ಯವಿಲ್ಲ. ಆದರೆ ನಿಮ್ಮ ಬಲವಾದ ಕಣ್ಣು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಎರಡೂ ಕೈ ಚಾಚಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಆ ಕಿಂಡಿಯಲ್ಲಿ ದೂರದ ಒಂದು ವಸ್ತು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯೊಳಗೇ ಉಳಿಯುತ್ತದೋ ಅದು ಬಲವಾದ ಕಣ್ಣು. 

ಈಗ ಟ್ರಿಗರ್. ಒಳ್ಳೆಯ ಟ್ರಿಗರ್‌ಗೆ ಎರಡು ಹಂತ ಇರುತ್ತದೆ. ಮೊದಲ ಹಂತದಲ್ಲಿ ಬೆರಳು ಹಗುರವಾಗಿ ಹಿಂದೆ ಬರುತ್ತದೆ, ಆಮೇಲೆ ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ಚೂರು ಒತ್ತಿದರೆ ಸರಕ್ಕನೆ ಬಿಡಬೇಕು, ಎಳೆದಾಟ ಇರಬಾರದು. ನಮ್ಮ ಹೊಲಿಗೆ ಯಂತ್ರದ ಪೆಡಲ್‌ನಲ್ಲಿ ಇನ್ನೇನು ಸೂಜಿ ಇಳಿಯುತ್ತದೆ ಅನ್ನುವ ಜಾಗ ಪಾದಕ್ಕೆ ಗೊತ್ತಾಗುತ್ತದಲ್ಲ, ಅದೇ ಥರ ಬೆರಳಿಗೆ ಆ ಜಾಗ ಗೊತ್ತಾಗಬೇಕು. ಅಗ್ಗದ ರೈಫಲ್‌ನಲ್ಲಿ ಆ ಜಾಗವೇ ಇರುವುದಿಲ್ಲ. ಎಳೆಯುತ್ತಾ ಎಳೆಯುತ್ತಾ ಯಾವಾಗಲೋ ಹಾರುತ್ತದೆ. ಅಷ್ಟರಲ್ಲಿ ರೈಫಲ್ ಪಕ್ಕಕ್ಕೆ ತಿರುಗಿರುತ್ತದೆ.

ಟ್ರಿಗರ್ ಪರೀಕ್ಷೆಗೆ ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆಯಬೇಡಿ. ಪೆಲೆಟ್ ಇದ್ದರೆ ಅದರ ಹಿಂದೆ ಸಿಕ್ಕಿಕೊಂಡ ಗಾಳಿ ಪಿಸ್ಟನ್‌ಗೆ ದಿಂಬಾಗುತ್ತದೆ. ಇಲ್ಲದಿದ್ದರೆ ಪಿಸ್ಟನ್ ಹೋಗಿ ಲೋಹಕ್ಕೇ ಬಡಿಯುತ್ತದೆ, ಸೀಲ್ ಮತ್ತು ಸ್ಪ್ರಿಂಗ್ ಹಾಳು. 

ಹಳೆಯದು ಕೊಳ್ಳುವುದೂ ಒಳ್ಳೆಯ ದಾರಿಯೇ. ಫೈನ್‌ವೆರ್ಕ್‌ಬೌ 300 ಎಸ್ ಥರದ ಹಳೆಯ ಮ್ಯಾಚ್ (ಸ್ಪರ್ಧೆಯ) ರೈಫಲ್ ಇವತ್ತಿಗೂ ಅದ್ಭುತವಾಗಿ ಹೊಡೆಯುತ್ತದೆ. ಆದರೆ ಕೆಲವು ಹಳೆಯ ಮಾಡೆಲ್‌ಗಳ ಸೀಲ್ ವಯಸ್ಸಾದಂತೆ ಪುಡಿಯಾಗುತ್ತದೆ. ಫೈನ್‌ವೆರ್ಕ್‌ಬೌ 124 ಮತ್ತು ಡಯಾನಾ 75 ಇದಕ್ಕೆ ಹೆಸರುವಾಸಿ. ಸೀಲ್ ಯಾವಾಗ ಬದಲಾಯಿತು ಅಂತ ಕೇಳಿ. ಸ್ಕ್ರೂಗಳ ತಲೆ ತಿಂದುಹೋಗಿದ್ದರೆ ಯಾರೋ ಅಡ್ಡಾದಿಡ್ಡಿ ಬಿಚ್ಚಿದ್ದಾರೆ ಅಂತ ಅರ್ಥ. ಬ್ಯಾರಲ್ ಮುರಿಯುವ ಮಾಡೆಲ್ ಆದರೆ ಮುಚ್ಚಿ ಅಡ್ಡಕ್ಕೆ ಅಲುಗಾಡಿಸಿ, ಕದಲಬಾರದು. ಬ್ಯಾರಲ್ ತುದಿಯ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸಣ್ಣ ಪೆಟ್ಟು ಇದ್ದರೂ ಪೆಲೆಟ್ ಓರೆ ಹೋಗುತ್ತದೆ.

ಪೆಲೆಟ್ ಮತ್ತು ಹಿಂದಿನ ತಡೆ

ಕಾಗದಕ್ಕೆ ಚಪ್ಪಟೆ ತಲೆಯ ಪೆಲೆಟ್ ತನ್ನಿ. ಪಂಚಿಂಗ್ ಮಷೀನಿನಲ್ಲಿ ಕೊಯ್ದಷ್ಟು ಸ್ವಚ್ಛ ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ. ಆದರೆ 20, 25 ಮೀಟರ್ ದಾಟಿದರೆ ಗಾಳಿಗೆ ಬೇಗ ಸೋಲುತ್ತದೆ. ಅಲ್ಲಿಗೆ ದುಂಡು ತಲೆಯದೇ ಸರಿ. ಚೂಪು ತಲೆಯದು ನೋಡಲು ಭಯಂಕರ, ಗುರಿಗೆ ಸುಮ್ನೆ ದಂಡ. ಸ್ಟೀಲ್ ಬಿಬಿ ಗುಂಡುಗಳನ್ನು ಮಾತ್ರ ರೈಫ್ಲಿಂಗ್ (ಒಳಗಿನ ಸುರುಳಿ ಗೀರು) ಇರುವ ಬ್ಯಾರಲ್‌ಗೆ ಯಾವತ್ತೂ ಹಾಕಬೇಡಿ. ಬ್ಯಾರಲ್ ಕೆಡುತ್ತದೆ, ಗಟ್ಟಿ ಜಾಗಕ್ಕೆ ತಗುಲಿದರೆ ವಾಪಸ್ಸೂ ಬರುತ್ತವೆ.

ಯಾವ ಕಂಪನಿಯ ಪೆಲೆಟ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಅದು ನಿಮ್ಮ ಬ್ಯಾರಲ್ ಹೇಳಬೇಕು. ಜೆಎಸ್‌ಬಿ, ಎಚ್ ಅಂಡ್ ಎನ್, ಆರ್‌ಡಬ್ಲ್ಯೂಎಸ್, ಮೂರರಲ್ಲೂ ಒಂದೊಂದು ಡಬ್ಬ ತನ್ನಿ. ಒಂದು ಪೆಲೆಟ್‌ನಿಂದ ಇನ್ನೊಂದಕ್ಕೆ ಹೋದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರಲ್ ಒಳಗೆ ಹಿಂದಿನದರ ಸೀಸದ ಲೇಪ ಹೋಗಿ ಹೊಸದು ಕೂರಬೇಕು. ಡಬ್ಬದ ಮೇಲೆ 4.50, 4.51, 4.52 ಅಂತ ತಲೆಯ ಅಳತೆ ಇರುತ್ತದೆ. ಆ ಒಂದು ನೂರನೇ ಮಿಲಿಮೀಟರ್ ಕೆಲವು ಬ್ಯಾರಲ್‌ಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಮಾಡುತ್ತದೆ. ತುಂಬುವಾಗ ಪೆಲೆಟ್‌ನ ಲಂಗ, ಅಂದರೆ ಹಿಂದಿನ ತೆಳು ಅಂಚು, ಬೆರಳಲ್ಲಿ ಒಮ್ಮೆ ಸವರಿ ನೋಡಿ. ಸೊಟ್ಟಗಾಗಿದ್ದರೆ ಬಿಸಾಡಿ.

ಸೀಸ ವಿಷ. ಹೊಡೆಯುತ್ತಾ ತಿನ್ನಬೇಡಿ, ಪೆಲೆಟ್ ಬಾಯಲ್ಲಿ ಕಚ್ಚಿ ಇಟ್ಟುಕೊಳ್ಳಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿರುವ ಕಡೆ ತವರದ ಪೆಲೆಟ್ ಬಳಸುವುದು ಒಳ್ಳೆಯದು.

ಗುರಿಯ ಹಿಂದಿನ ತಡೆ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ. ಬೇಲಿ, ಗಿಡದ ಸಾಲು, ತೆಳು ಹಲಗೆ, ಇವು ಯಾವುವೂ ತಡೆ ಅಲ್ಲ. ಗಟ್ಟಿ ಮರಕ್ಕೆ ಬಡಿದ ಪೆಲೆಟ್ ನಿಮ್ಮ ಕಡೆಗೇ ಪುಟಿಯಬಹುದು. ಸ್ಟೀಲ್ ತಗಡು ಇಟ್ಟರೆ ನೇರ ನಿಲ್ಲಿಸಬೇಡಿ, ಪೆಲೆಟ್ ಕೆಳಗೆ ಜಾರುವ ಹಾಗೆ 45 ಡಿಗ್ರಿ ಓರೆ ಮಾಡಿ, ಕೆಳಗೆ ಮರಳಿನ ಪೆಟ್ಟಿಗೆ ಇಡಿ. ನನಗೆ ಇಷ್ಟವಾದದ್ದು ಗಟ್ಟಿ ಪೆಟ್ಟಿಗೆ, ಒಳಗೆ ಬಟ್ಟೆ ಚೂರು ಒತ್ತಿ ಒತ್ತಿ ತುಂಬಿದ್ದು. ಅಂಗಡಿಯಲ್ಲಿ ಉಳಿದ ಕತ್ತರಿಕೆಯೆಲ್ಲ ನನಗೆ ಅಲ್ಲೇ ಖರ್ಚಾಗುತ್ತದೆ. ಸದ್ದೂ ಕಡಿಮೆ. ಆದರೆ ಒಂದೇ ಜಾಗಕ್ಕೆ ಬಿದ್ದು ಬಿದ್ದು ಮಧ್ಯದಲ್ಲಿ ಸುರಂಗ ಆಗುತ್ತದೆ. ಆಗಾಗ ತೆರೆದು ಬಟ್ಟೆ ಮೇಲೆ ಕೆಳಗೆ ಮಾಡಿ, ಹಿಂದಿನ ಹಲಗೆ ಮುಟ್ಟಿ ನೋಡಿ. ಪೆಟ್ಟಿಗೆಯ ಹಿಂದೆ ಗೋಡೆಯೋ ಮಣ್ಣಿನ ದಿಬ್ಬವೋ ಇರಲೇಬೇಕು. ಅಲ್ಲಿದ್ದವರೆಲ್ಲ ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿ.

ರೈಫಲ್ ಸದಾ ತುಂಬಿದೆ ಅಂತಲೇ ಹಿಡಿಯಿರಿ. ಬಾಯಿ ಸದಾ ಗುರಿಯ ಕಡೆ. ಹೊಡೆಯುವ ನಿರ್ಧಾರ ಆಗುವವರೆಗೆ ಬೆರಳು ಟ್ರಿಗರ್ ಹೊರಗೆ. ಸ್ಪ್ರಿಂಗ್ ರೈಫಲ್‌ಗೆ ಇನ್ನೊಂದು ಸೇರಿಸಿ: ಕಾಕ್ ಮಾಡಿ ಪೆಲೆಟ್ ಇಡುವಾಗ ಇನ್ನೊಂದು ಕೈ ಬ್ಯಾರಲ್ ಅಥವಾ ಸನ್ನೆಯನ್ನು ಬಿಡಲೇಬಾರದು. ಆ ಕ್ಷಣದಲ್ಲಿ ಕೊಂಡಿ ಜಾರಿದರೆ ಬ್ಯಾರಲ್ ಚಟ್ಟನೆ ಮೇಲೇಳುತ್ತದೆ. ಕೆಳಸನ್ನೆ, ಪಕ್ಕದ ಸನ್ನೆಯ ರೈಫಲ್ ಆದರೆ ಬೆರಳೇ ಹೋಗಬಹುದು.

ಹಿಡಿತ

ಹೊಸಬರು ಮಾಡುವುದು ಒಂದೇ: ಗಟ್ಟಿಯಾಗಿ ಹಿಡಿಯುವುದು. ಅಲುಗಾಡಬಾರದು ಅಂತ ಭುಜಕ್ಕೆ ಒತ್ತಿ, ಮುಷ್ಟಿ ಬಿಗಿದು ಹೊಡೆಯುತ್ತಾರೆ. ತೂತುಗಳು ಕಾಗದದ ತುಂಬ ಹರಡುತ್ತವೆ. ರೈಫಲ್ ಸರಿ ಇಲ್ಲ ಅನ್ನುತ್ತಾರೆ.

ಒಳಗೆ ಆಗುವುದು ಇದು. ಭಾರದ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ಕೊನೆ ತಲುಪಿ ನಿಂತಾಗ ರೈಫಲ್ ಮುಂದೆ ಜಗ್ಗುತ್ತದೆ. ಪೆಲೆಟ್ ಇನ್ನೂ ಬ್ಯಾರಲ್ ಒಳಗಿರುವಾಗಲೇ ರೈಫಲ್ ಕದಲಲು ಶುರುವಾಗಿರುತ್ತದೆ. ಆ ಕದಲಿಕೆಯನ್ನು ಯಾರೂ ನಿಲ್ಲಿಸಲು ಆಗುವುದಿಲ್ಲ. ಪ್ರತಿ ಸಲ ಒಂದೇ ಥರ ಕದಲುವ ಹಾಗೆ ಮಾಡಬಹುದು. ಬಿಗಿ ಹಿಡಿತ ಪ್ರತಿ ಸಲ ಒಂದೇ ಇರುವುದಿಲ್ಲ. ಸಡಿಲ ಹಿಡಿತ ಇರುತ್ತದೆ. ಇದಕ್ಕೆ ಆರ್ಟಿಲರಿ ಹೋಲ್ಡ್ ಅನ್ನುತ್ತಾರೆ.

ಮುಂದಿನ ಕೈಯ ಅಂಗೈ ತೆರೆದು ಚಪ್ಪಟೆ ಇಡಿ. ರೈಫಲ್ ತೂಗಿ ನಿಲ್ಲುವ ಜಾಗ ಹುಡುಕಿ, ಟ್ರಿಗರ್ ಗಾರ್ಡ್‌ನ (ಟ್ರಿಗರ್ ಸುತ್ತಲಿನ ಬಳೆ) ಸ್ವಲ್ಪ ಮುಂದೆ ಇರುತ್ತದೆ. ಅಂಗೈ ಮೇಲೆ ರೈಫಲ್ ಸುಮ್ಮನೆ ಮಲಗಿರಲಿ, ಬೆರಳು ಸುತ್ತಬೇಡಿ. ಬಟ್ ಭುಜವನ್ನು ಮುಟ್ಟಿರಲಿ, ಒತ್ತಿರಬಾರದು. ಟ್ರಿಗರ್ ಕೈಯ ಹೆಬ್ಬೆರಳು ಸುತ್ತದೆ ಪಕ್ಕಕ್ಕೆ ಇಡಬಹುದು, ಹಿಡಿತ ತಾನಾಗಿ ಸಡಿಲವಾಗುತ್ತದೆ. ಮುಂದಿನ ಕೈ ಇಟ್ಟ ಜಾಗಕ್ಕೆ ಸ್ಟಾಕ್ ಮೇಲೆ ಸಣ್ಣ ಟೇಪ್ ಅಂಟಿಸಿ. ಆ ಜಾಗ ಒಂದು ಸೆಂಟಿಮೀಟರ್ ಹಿಂದೆ ಮುಂದೆ ಆದರೂ ಪೆಲೆಟ್ ಬೀಳುವ ಜಾಗ ಬದಲಾಗಬಹುದು. ಮೇಜಿನ ಮೇಲೆ ಹೊಡೆಯುವುದಾದರೆ ರೈಫಲ್ ಅನ್ನು ಮರದ ಮೇಲೆ ನೇರ ಇಡಬೇಡಿ, ಪುಟಿಯುತ್ತದೆ. ಚೀಲದ ಮೇಲೆ ನಿಮ್ಮ ಕೈ, ಕೈ ಮೇಲೆ ರೈಫಲ್.

ಆಮೇಲೆ ಮೈ. ಗುರಿ ಹಿಡಿದು ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಸೈಟ್ ಎಡಕ್ಕೆ ಹೋಗಿದ್ದರೆ ತೋಳಿನಿಂದ ಎಳೆದು ತರಬೇಡಿ. ಪಾದ ಸರಿಸಿ. ತೋಳಿನಿಂದ ಎಳೆದದ್ದು ಟ್ರಿಗರ್ ಬಿಡುವ ಕ್ಷಣಕ್ಕೆ ವಾಪಸ್ ಹೋಗುತ್ತದೆ, ಅಲ್ವಾ.

ಉಸಿರು ಅರ್ಧ ಬಿಟ್ಟು ತಡೆಯಿರಿ. ಆರೇಳು ಸೆಕೆಂಡಿನಲ್ಲಿ ಹೊಡೆತ ಆಗದಿದ್ದರೆ ರೈಫಲ್ ಇಳಿಸಿ, ಮತ್ತೆ ಶುರು ಮಾಡಿ. ಇಳಿಸಲು ನಾಚಿಕೆ ಪಡುವವರೇ ಜಾಸ್ತಿ. ತಡೆದಷ್ಟೂ ಕಣ್ಣು ಮಂಜಾಗುತ್ತದೆ, ಕೊನೆಗೆ ಹೇಗೋ ಆಗಲಿ ಅಂತ ಟ್ರಿಗರ್ ಎಳೆದುಬಿಡುತ್ತಾರೆ. ಹಾರಿದ ಮೇಲೂ ಬೆರಳು ಹಿಂದೆಯೇ ಇರಲಿ, ಒಂದು ಸೆಕೆಂಡು ಸೈಟನ್ನೇ ನೋಡುತ್ತಿರಿ. ಕಾಗದ ನೋಡಲು ತಲೆ ಎತ್ತುವುದು ಹೊಸಬರ ಇನ್ನೊಂದು ಚಾಳಿ. ಸ್ಪ್ರಿಂಗ್ ರೈಫಲ್ ನಿಧಾನ, ನೀವು ತಲೆ ಎತ್ತಲು ಶುರು ಮಾಡುವಾಗ ಪೆಲೆಟ್ ಇನ್ನೂ ಹೊರಗೆ ಬಂದಿರದೇ ಇರಬಹುದು.

ಸೈಟ್ ಮತ್ತು ಸ್ಕೋಪ್

ಮೊದಲ ತಿಂಗಳುಗಳು ಬರೀ ಸೈಟಿನಲ್ಲೇ ಹೊಡೆಯಿರಿ. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ, ಮೂರನ್ನೂ ಕಣ್ಣು ಒಟ್ಟಿಗೆ ಸ್ಪಷ್ಟ ತೋರಿಸುವುದಿಲ್ಲ. ಮುಂದಿನ ಸೈಟ್ ಸ್ಪಷ್ಟ ಇರಲಿ, ಗುರಿ ಮಸುಕಾಗಿರಲಿ. ಇದು ನಂಬಲು ಕಷ್ಟ. ಆದರೆ ಹಾಗೇ. ನನ್ನ ವಯಸ್ಸಿನ ಕಣ್ಣಿಗೆ ಸೀಳು ಸೈಟಿಗಿಂತ ತೂತಿನ ಸೈಟ್ ಒಳ್ಳೆಯದು. ಸಣ್ಣ ತೂತಿನ ಮೂಲಕ ನೋಡಿದರೆ ಹತ್ತಿರದ್ದೂ ದೂರದ್ದೂ ಎರಡೂ ಸಾಕಷ್ಟು ಸ್ಪಷ್ಟ ಕಾಣುತ್ತವೆ. ಕನ್ನಡಕದ ಕೆಲಸವನ್ನು ಅರ್ಧ ಅದೇ ಮಾಡುತ್ತದೆ.

ಸ್ಕೋಪ್ ಬೇಕೇ ಬೇಕೆಂದರೆ ಸ್ಪ್ರಿಂಗ್ ಏರ್ ರೈಫಲ್‌ಗೆ ಅಂತಲೇ ಮಾಡಿದ್ದು ತನ್ನಿ. ಮೇಲೆ ಹೇಳಿದ ಎರಡು ದಿಕ್ಕಿನ ಒದೆತ ಬೇರೆ ಬಂದೂಕಿನ ಸ್ಕೋಪ್‌ಗಳ ಒಳಗಿನ ಗಾಜನ್ನು ಸಡಿಲ ಮಾಡುತ್ತದೆ. ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯೂ ಸರಿದಂತೆ ಕಾಣುವ ದೋಷ) 10 ಮೀಟರ್‌ವರೆಗೆ ಹೊಂದಿಸಲು ಬರಬೇಕು. ಮೌಂಟ್ ಒಂದೇ ತುಂಡಿನದು, ಜಾರದಂತೆ ತಡೆಯುವ ಪಿನ್ ಇರುವುದು. ನಾಲ್ಕು ಪಟ್ಟು ಸಾಕು. ಜಾಸ್ತಿ ಪಟ್ಟು ಹಾಕಿದರೆ ನಿಮ್ಮ ನಡುಕವೇ ದೊಡ್ಡದಾಗಿ ಕಾಣುತ್ತದೆ.

ಸೈಟ್ ಹೊಂದಿಸುವುದನ್ನು ಜೀರೋ ಮಾಡುವುದು ಅನ್ನುತ್ತಾರೆ. ಒಂದು ಹೊಡೆತ ನೋಡಿ ಸ್ಕ್ರೂ ತಿರುಗಿಸಬೇಡಿ. ಐದು ಹೊಡೆಯಿರಿ, ಐದರ ಮಧ್ಯ ಎಲ್ಲಿದೆ ನೋಡಿ, ಅದನ್ನು ಸರಿಸಿ. ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತ ಸರಿಸಬೇಕು. ಸ್ಕೋಪ್‌ನಲ್ಲಿ ಹೊಸಬರು ಮೂರು ಕ್ಲಿಕ್ ತಿರುಗಿಸಿ, ಏನೂ ಆಗಲಿಲ್ಲ, ಸ್ಕೋಪ್ ಕೆಟ್ಟಿದೆ ಅನ್ನುತ್ತಾರೆ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪ್‌ನ ಒಂದು ಕ್ಲಿಕ್ 100 ಮೀಟರಿಗೆ 7 ಮಿಲಿಮೀಟರ್ ಚಿಲ್ಲರೆ ಸರಿಸುತ್ತದೆ. 10 ಮೀಟರಿಗೆ ಅದು 0.7 ಮಿಲಿಮೀಟರ್ ಅಷ್ಟೇ. ಎರಡು ಸೆಂಟಿಮೀಟರ್ ಸರಿಸಲು ಇಪ್ಪತ್ತೇಳೆಂಟು ಕ್ಲಿಕ್ ಬೇಕು. ಧೈರ್ಯವಾಗಿ ತಿರುಗಿಸಿ.

ದೂರ ಬದಲಾದರೆ ಜೀರೋ ಬದಲಾಗುತ್ತದೆ. ಸೆಕೆಂಡಿಗೆ 200 ಮೀಟರ್ ಹೋಗುವ ಪೆಲೆಟ್ 10 ಮೀಟರ್ ತಲುಪುವಷ್ಟರಲ್ಲಿ ಸುಮಾರು 12 ಮಿಲಿಮೀಟರ್ ಬೀಳುತ್ತದೆ. 20 ಮೀಟರಿಗೆ ದೂರ ಎರಡರಷ್ಟು, ಬೀಳುವುದು ನಾಲ್ಕರಷ್ಟು, ಹತ್ತಿರ ಹತ್ತಿರ 5 ಸೆಂಟಿಮೀಟರ್. ಗಾಳಿಗೆ ವೇಗ ಕುಗ್ಗುವುದರಿಂದ ನಿಜದಲ್ಲಿ ಇನ್ನೂ ಚೂರು ಜಾಸ್ತಿ. ಹಾಗಾಗಿ ಒಂದು ದೂರ ಹಿಡಿದುಕೊಳ್ಳಿ. 10 ಮೀಟರ್ ಒಳ್ಳೆಯದು.

10 ಮೀಟರ್ ಯಾಕೆ ಅಂದರೆ ಅದಕ್ಕೆ ಇಡೀ ಲೋಕ ಒಪ್ಪಿದ ಕಾಗದ ಇದೆ. ಏರ್ ರೈಫಲ್ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಆ ಕಾಗದದ ಹೊರ ಉಂಗುರ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರ್ ನೋಡಿ ಹೆದರಬೇಡಿ. ಪೆಲೆಟ್ ತೂತಿನ ಅಂಚು ಚುಕ್ಕಿ ಮುಟ್ಟಿದರೂ ಹತ್ತು ಸಿಗುತ್ತದೆ. ಪೆಲೆಟ್ 4.5 ಮಿಲಿಮೀಟರ್ ಅಗಲ ಇರುವುದರಿಂದ ಅದರ ಮಧ್ಯ ಚುಕ್ಕಿಯಿಂದ 2.5 ಮಿಲಿಮೀಟರ್ ಒಳಗೆ ಬಿದ್ದರೆ ಸಾಕು. ಅದರ ಮೇಲೆ ದಶಾಂಶ ಲೆಕ್ಕ, 10.9 ಅತಿ ಹೆಚ್ಚು. 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಕೊನೆಯ ಹೊಡೆತ 10.8.

ಅಂಕದ ಆಸೆ ಮೊದಲೇ ಬೇಡ. ಗ್ರೂಪ್ ನೋಡಿ. ಐದು ತೂತು ಒಂದೇ ಕಡೆ ಗುಂಪಾಗಿ ಬಿದ್ದರೆ, ಅದು ಕಾಗದದ ಮೂಲೆಯಲ್ಲಿದ್ದರೂ ಚೆನ್ನಾಗಿ ಹೊಡೆದಿದ್ದೀರಿ. ಗುಂಪನ್ನು ನಡುವಿಗೆ ತರುವುದು ಸ್ಕ್ರೂ ಕೆಲಸ. ಚದುರಿದ ತೂತುಗಳಲ್ಲಿ ಒಂದು ಹತ್ತಕ್ಕೆ ಬಿದ್ದರೆ ಅದು ಬರೀ ಅದೃಷ್ಟ. ಪ್ರತಿ ಕಾಗದದ ಮೇಲೆ ತಾರೀಖು, ಪೆಲೆಟ್, ದೂರ ಬರೆದು ಇಟ್ಟುಕೊಳ್ಳಿ. ಜಾಸ್ತಿ ಹೊತ್ತು ಹೊಡೆಯಬೇಡಿ. ಗ್ರೂಪ್ ದೊಡ್ಡದಾಗತೊಡಗಿತು ಅಂದರೆ ತೋಳು ಸುಸ್ತಾಗಿದೆ, ಅವತ್ತಿಗೆ ಎತ್ತಿಡಿ.

ಹೊಸ ರೈಫಲ್, ಹಳೆಯ ತೊಂದರೆಗಳು

ಹೊಸ ಸ್ಪ್ರಿಂಗ್ ರೈಫಲ್ ಮೊದಲು ಸ್ವಲ್ಪ ಹೊಗೆ ಬಿಡುತ್ತದೆ, ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಸದ್ದೂ ಜಾಸ್ತಿ. ಕಾರ್ಖಾನೆಯಲ್ಲಿ ಹಾಕಿದ ಎಣ್ಣೆ ಉರಿದು ಹೋಗುತ್ತಿದೆ. ಕೆಲವು ನೂರು ಪೆಲೆಟ್ ಹೊಡೆದ ಮೇಲೆ ಅದೂ ನಿಲ್ಲುತ್ತದೆ, ಗ್ರೂಪೂ ಚಿಕ್ಕದಾಗುತ್ತದೆ. ಅಷ್ಟರವರೆಗೆ ರೈಫಲ್ ಬಗ್ಗೆ ತೀರ್ಪು ಕೊಡಬೇಡಿ. ಒಳಗೆ ಎಣ್ಣೆ ಬಿಡುವ ಆಸೆಯಂತೂ ಬೇಡವೇ ಬೇಡ. ಒತ್ತಡದ ಗಾಳಿಗೆ ಎಣ್ಣೆ ಸಿಕ್ಕರೆ ಸಿಡಿಯುತ್ತದೆ. ಪಿಸಿಪಿಯಲ್ಲಂತೂ ಅದು ಪ್ರಾಣಾಪಾಯ. ಹೊರಗಿನ ಲೋಹಕ್ಕೆ ಮಾತ್ರ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ, ಬೆರಳಿನ ಬೆವರೇ ತುಕ್ಕು ಹಿಡಿಸುತ್ತದೆ. ಬ್ಯಾರಲ್ ಒಳಗೆ ಪದೇ ಪದೇ ಉಜ್ಜುವುದೂ ಬೇಡ. ಎತ್ತಿಡುವಾಗ ಕಾಕ್ ಆಗಿರಬಾರದು, ಪೆಲೆಟ್ ಇರಬಾರದು, ಬೀಗ ಹಾಕಿರಬೇಕು.

ಚೆನ್ನಾಗಿ ಹೊಡೆಯುತ್ತಿದ್ದ ರೈಫಲ್ ಒಂದು ದಿನ ಇದ್ದಕ್ಕಿದ್ದಂತೆ ಚದುರಿಸಲು ಶುರು ಮಾಡುತ್ತದೆ. ಗಾಬರಿ ಬೇಡ, ಒಂದು ಕ್ರಮದಲ್ಲಿ ನೋಡಿ. ಮೊದಲು ಸ್ಟಾಕ್ ಸ್ಕ್ರೂಗಳು, ಮುಂದಿನ ಎರಡು ಮತ್ತು ಟ್ರಿಗರ್ ಗಾರ್ಡಿನದು. ಒದೆತಕ್ಕೆ ಇವು ಸಡಿಲವಾಗುತ್ತಲೇ ಇರುತ್ತವೆ. ಮುಕ್ಕಾಲು ಪಾಲು ತೊಂದರೆ ಇಲ್ಲೇ ಮುಗಿಯುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬಳಸಿ, ಇಲ್ಲದಿದ್ದರೆ ತಲೆ ತಿಂದುಹೋಗುತ್ತದೆ. ಆಮೇಲೆ ಸೈಟ್ ಅಥವಾ ಸ್ಕೋಪ್ ಮೌಂಟ್ ಜಾರಿದೆಯಾ ನೋಡಿ. ಆಮೇಲೆ ಪೆಲೆಟ್ ಡಬ್ಬ ಹೊಸದಾ, ತಲೆಯ ಅಳತೆ ಬದಲಾಗಿದೆಯಾ. ಆಮೇಲೆ ಬ್ಯಾರಲ್ ಸೇರುವ ಜಾಗದ ಸೀಲ್. ಆ ಸಂದಿಯ ಮೇಲೆ ತೆಳು ಟಿಶ್ಯೂ ಕಾಗದದ ಚೂರು ಇಟ್ಟು, ಮುಖ ದೂರ ಇಟ್ಟು, ತಡೆಯ ಕಡೆಗೆ ಒಂದು ಹೊಡೆಯಿರಿ. ಕಾಗದ ಮೇಲೆ ಹಾರಿದರೆ ಗಾಳಿ ಸೋರುತ್ತಿದೆ. ಆ ಸೀಲ್ ಅಗ್ಗದ ವಸ್ತು, ನೀವೇ ಬದಲಿಸಬಹುದು.

ಇವೆಲ್ಲ ಸರಿ ಇದ್ದರೆ ಮಾತ್ರ ಸ್ಪ್ರಿಂಗ್ ಅಥವಾ ಪಿಸ್ಟನ್ ಸೀಲ್ ಮೇಲೆ ಅನುಮಾನ ಪಡಿ. ಅದನ್ನು ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಬೇಕು. ರೈಫಲ್ ಕಾಕ್ ಆಗಿಲ್ಲದಿದ್ದರೂ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಕೂತಿರುತ್ತದೆ, ಹಿಂದಿನ ಮುಚ್ಚಳ ಬಿಚ್ಚಿದ ಕೂಡಲೇ ಮುಖಕ್ಕೆ ಹಾರುತ್ತದೆ. ಕಂಪ್ರೆಸರ್ ಇಲ್ಲದವರು ರಿಪೇರಿಯವರ ಕೈಗೆ ಕೊಡಿ.